ಮನೆಮನೆಯಲ್ಲಿ ಕೋವಿ ಇರುವ ಕೊಡಗಿನಲ್ಲಿ ಪೊಲೀಸರು ರಾತ್ರಿ ಬಾಗಿಲು ಒಡೆದು ನುಗ್ಗಿದರೆ ಏನಾಗುತ್ತದೆ?

ನೀವು ಕೇಳಿದ್ದು ಎರಡು ವಿಷಯ. ಅಮೆರಿಕದಲ್ಲಿ ಮಾಡುವ ಹಾಗೆ ನಮ್ಮ ಪೊಲೀಸರು ಬಂದೂಕು ಹಿಡಿದು ರಾತ್ರೋರಾತ್ರಿ ಬಾಗಿಲು ಒಡೆದು ಒಳಗೆ ಬರಬಹುದಾ? ಬಂದರೆ, ಕೋವಿ ಇರುವ ಕೊಡಗಿನ ಮನೆಯಲ್ಲಿ ಏನಾಗುತ್ತದೆ, ಯಾರು ಜವಾಬ್ದಾರಿ? ಎರಡನೆಯ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮ ಮನೆಯಲ್ಲೇ ಅದು ಕೂದಲೆಳೆಯಲ್ಲಿ ತಪ್ಪಿದೆ.

2017ರ ಜುಲೈ. ಒಂದು ವಾರದಿಂದ ಬಿಡದೆ ಮಳೆ, ಮೂರು ದಿನದಿಂದ ಕರೆಂಟ್ ಇಲ್ಲ. ನಮ್ಮದು ಜಮ್ಮಾ ಜಾಗ (ತಲೆತಲಾಂತರದಿಂದ ಬರುವ ಕೊಡಗಿನ ಹಿಡುವಳಿ) ಇರುವ ಕುಟುಂಬ, ತೋಟದ ಮಧ್ಯೆ ಒಂಟಿ ಮನೆ. ಕೂಗಿದರೆ ಕೇಳಿಸುವಷ್ಟು ಹತ್ತಿರ ಇರುವುದು ಕೆಲಸದವರ ಲೈನ್ ಮನೆ ಮಾತ್ರ. ರಾತ್ರಿ ಎರಡು ಗಂಟೆ ಸುಮಾರಿಗೆ ನಾಯಿಗಳು ಒಂದೇ ಸಮ ಬೊಗಳಲು ಶುರು ಮಾಡಿದವು. ಆನೆ ಬಂದಾಗ ಬೊಗಳುವ ರೀತಿಯೇ ಬೇರೆ. ಇದು ಮನುಷ್ಯರಿಗೆ ಅಂತ ಅಪ್ಪನಿಗೆ ಗೊತ್ತಾಯಿತು. ಒಂಟಿ ಮನೆಗಳಿಗೆ ಕಳ್ಳರು ನುಗ್ಗಿದ ಸುದ್ದಿ ಆಗ ಎಲ್ಲರ ಬಾಯಲ್ಲೂ ಇತ್ತು. ಅಪ್ಪ ಗೋಡೆಯಿಂದ ಜೋಡು ನಳಿಗೆ ಕೋವಿ ಇಳಿಸಿದರು. ಕತ್ತಲಲ್ಲೇ ಎರಡು ತೋಟೆ ತುಂಬಿದರು. ನಳಿಗೆ ಮುಚ್ಚಿದ ಆ ಸದ್ದು ನನಗೆ ಇನ್ನೂ ನೆನಪಿದೆ.

ಹೊರಗಿನಿಂದ ಯಾರೋ ಬಾಗಿಲಿಗೆ ಗುದ್ದಿದರು. "ಯಾರದು?" ಅಂತ ಅಪ್ಪ ಕೇಳಿದರು. "ಬಾಗಿಲು ತೆಗಿ" ಅಂತ ಮಾತ್ರ ಉತ್ತರ. ಮತ್ತೆ ಕೇಳಿದರು. ಮತ್ತೆ ಅದೇ. ಕಿಟಕಿಯ ಸಂದಿಯಿಂದ ಟಾರ್ಚಿನ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು, ಮುಖ ಒಂದೂ ಕಾಣುತ್ತಿರಲಿಲ್ಲ. ಮೂರ್ನಾಲ್ಕು ಜನ, ಖಾಕಿ ಇಲ್ಲ, ಮೇಲೆ ಮಳೆ ಕೋಟು. ಅಪ್ಪ ಕೋವಿಯನ್ನು ಬಾಗಿಲಿಗೆ ಹಿಡಿದು ನಿಂತಿದ್ದರು. ಅಷ್ಟರಲ್ಲಿ ಹಿಂದಿನಿಂದ ಒಂದು ಗಂಟಲು ಕೇಳಿಸಿತು. "ಅಣ್ಣಾ, ನಾನು, ಬೀಟಿಗೆ ಬರ್ತೇನಲ್ಲಾ. ಪೊಲೀಸಿನವರೇ, ಹೆದರ್ಬೇಡಿ." ಅವ್ವನಿಗೆ ದನಿ ಗುರುತು ಸಿಕ್ಕಿತು. ಅಪ್ಪ ನಳಿಗೆ ಕೆಳಗೆ ಮಾಡಿದರು. ಆಮೇಲೆ ಅವರ ಕೈ ಎಷ್ಟು ನಡುಗಿತು ಅಂದರೆ ತೋಟೆ ಹೊರಗೆ ತೆಗೆಯಲು ನಾನೇ ಸಹಾಯ ಮಾಡಬೇಕಾಯಿತು.

ಆ ಬೀಟ್ ಪೊಲೀಸ್ ಅವತ್ತು ರಜೆಯಲ್ಲಿ ಇದ್ದಿದ್ದರೆ? ಅಪ್ಪ ಜೈಲಿಗೆ ಹೋಗುತ್ತಿದ್ದರು, ಇಲ್ಲವೇ ಹೆಣ ಆಗುತ್ತಿದ್ದರು. ಹೊರಗೆ ನಿಂತಿದ್ದ ಹುಡುಗರಲ್ಲೂ ಒಬ್ಬ ಸಾಯುತ್ತಿದ್ದ. ಅವರ ಮನೆಯಲ್ಲೂ ಕಾಯುವವರು ಇರುತ್ತಾರೆ ಅಲ್ವಾ?

ಕೊಡಗಿನ ಕೋವಿಯ ಬಗ್ಗೆ ಹೊರಗಿನವರಿಗೆ ತಪ್ಪು ಕಲ್ಪನೆ ಜಾಸ್ತಿ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದಿಗೆ ಕೋವಿಗೆ ಹೂವಿಟ್ಟು ಪೂಜೆ. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು ಗುಂಡು. ಆದರೂ ರಾತ್ರಿ ಎರಡು ಗಂಟೆಗೆ ಹೆಸರು ಹೇಳದವನು ಬಾಗಿಲು ಗುದ್ದಿದರೆ ಆ ಕೋವಿ ಯಾವ ಕಡೆ ತಿರುಗುತ್ತದೆ ಅನ್ನುವುದು ಜಿಲ್ಲೆಯ ಪ್ರತಿ ಪೊಲೀಸರಿಗೂ ಗೊತ್ತು. ಗೊತ್ತಿದ್ದೂ ಹಾಗೆ ಬಂದರು ಅನ್ನುವುದೇ ನನ್ನ ಸಿಟ್ಟು.

ಈಗ ಕಾನೂನು. ಬಾಗಿಲು ಒಡೆಯಬಹುದು, ಆದರೆ ಅದು ಕೊನೆಯ ಹೆಜ್ಜೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದ್ದದ್ದೇ 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 44ನೇ ಸೆಕ್ಷನ್‌ನಲ್ಲೂ ಇದೆ. ಬಂಧಿಸಬೇಕಾದವನು ಒಳಗಿದ್ದಾನೆ ಅಂತ ಬಂದ ಪೊಲೀಸರು ತಾವು ಯಾರು, ಯಾಕೆ ಬಂದೆವು ಅಂತ ಹೇಳಬೇಕು, ಬಾಗಿಲು ತೆಗೆಯಿರಿ ಅಂತ ಕೇಳಬೇಕು. ಆಮೇಲೂ ತೆಗೆಯದಿದ್ದರೆ ಮಾತ್ರ ಒಡೆಯಬಹುದು. ಇದನ್ನು ಪೊಲೀಸರು ಮರ್ಯಾದೆಯ ಮಾತು ಅಂತ ಅಂದುಕೊಳ್ಳುತ್ತಾರೆ. ಅವರ ಜೀವ ಉಳಿಸುವುದೂ ಅದೇ. ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 37ನೇ ಸೆಕ್ಷನ್ ನೋಡಿ. ಸರ್ಕಾರಿ ನೌಕರ ಒಳ್ಳೆಯ ಉದ್ದೇಶದಿಂದ ಕೆಲಸ ಮಾಡುವಾಗ ಸಾಮಾನ್ಯವಾಗಿ ಅವನ ವಿರುದ್ಧ ಆತ್ಮರಕ್ಷಣೆಯ ಹಕ್ಕು ಇರುವುದಿಲ್ಲ. ಆದರೆ ಎದುರಿಗಿರುವವನು ಸರ್ಕಾರಿ ನೌಕರ ಅಂತ ನಿಮಗೆ ಗೊತ್ತಿರಬೇಕು, ಇಲ್ಲವೇ ನಂಬಲು ಕಾರಣ ಇರಬೇಕು. ಗೊತ್ತೇ ಇಲ್ಲದಿದ್ದರೆ ನಿಮ್ಮ ಹಕ್ಕು ಹೋಗುವುದಿಲ್ಲ. "ಪೊಲೀಸ್" ಅನ್ನುವ ಒಂದು ಮಾತು ಹೇಳದೆ ಬಾಗಿಲಿಗೆ ಗುದ್ದುವವನು ಕಾನೂನು ತನಗೆ ಕೊಟ್ಟ ರಕ್ಷಣೆಯನ್ನು ತಾನೇ ಕಳಚಿ ಇಡುತ್ತಿದ್ದಾನೆ.

ನೀವು ಕೇಳಿದ ಅಮೆರಿಕದಲ್ಲಿ ಆದದ್ದೂ ಇದೇ. 2020ರ ಮಾರ್ಚ್ 13ರ ನಡುರಾತ್ರಿ ಲೂಯಿವಿಲ್ ನಗರದಲ್ಲಿ ಬ್ರಿಯೊನಾ ಟೇಲರ್ ಎಂಬ 26 ವರ್ಷದ ಹೆಣ್ಣುಮಗಳ ಮನೆಗೆ ಪೊಲೀಸರು ಬಂದರು. ತಟ್ಟದೆಯೇ ನುಗ್ಗಬಹುದು ಅನ್ನುವ ವಾರೆಂಟ್ ಪಡೆದಿದ್ದರು. ತಟ್ಟಿದೆವು, ಪೊಲೀಸ್ ಅಂತ ಕೂಗಿದೆವು ಅಂತ ಆಮೇಲೆ ಅವರು ಹೇಳಿದರು. ತಟ್ಟಿದ್ದು ಕೇಳಿಸಿತು, ಯಾರು ಅಂತ ಕೇಳಿದರೂ ಉತ್ತರ ಬರಲಿಲ್ಲ ಅಂತ ಒಳಗಿದ್ದ ಅವಳ ಗೆಳೆಯ ಹೇಳಿದ. ಕಳ್ಳರು ಅಂದುಕೊಂಡು ಲೈಸೆನ್ಸ್ ಇರುವ ತನ್ನ ಬಂದೂಕಿನಿಂದ ಒಂದು ಗುಂಡು ಹೊಡೆದ. ಅದು ಒಬ್ಬ ಪೊಲೀಸನ ತೊಡೆಗೆ ತಾಗಿತು. ಪೊಲೀಸರು 32 ಗುಂಡು ಹಾರಿಸಿದರು. ಟೇಲರ್ ಸತ್ತಳು. ಅದೇ ವರ್ಷ ಆ ನಗರ ತಟ್ಟದೆ ನುಗ್ಗುವ ವಾರೆಂಟನ್ನೇ ನಿಷೇಧಿಸಿತು, ಕುಟುಂಬಕ್ಕೆ 1.2 ಕೋಟಿ ಡಾಲರ್ ಕೊಡಲು ಒಪ್ಪಿತು. ಆ ಸುದ್ದಿ ಓದಿದಾಗ ನನಗೆ ಕಂಡದ್ದು ಅಪ್ಪ ಬಾಗಿಲ ಮುಂದೆ ನಿಂತ ರೀತಿ.

ಅವತ್ತು ಅವರು ಬಂದದ್ದು ನಮಗಾಗಿ ಅಲ್ಲ, ಲೈನ್ ಮನೆಯಲ್ಲಿ ಗಾಂಜಾ ಇದೆ ಅಂತ ಯಾರೋ ಕೊಟ್ಟ ಮಾಹಿತಿಯ ಮೇಲೆ. ನಮ್ಮ ಬಾಗಿಲಲ್ಲಿ ಆದ ತಪ್ಪಿಗೆ "ಸಾರಿ ಅಣ್ಣ" ಅಂದರು. ಲೈನಿಗೆ ಹೋಗಿ ತಟ್ಟಲೂ ಇಲ್ಲ. ಮೂರನೇ ಮನೆಯ ಬಾಗಿಲಿಗೆ ನೇರವಾಗಿ ಒದ್ದರು, ಬಿಜಾಗರಿ ಕಿತ್ತು ಹಲಗೆ ಒಳಗೆ ಬಿತ್ತು. ಗಂಡ, ಹೆಂಡತಿ, ನಾಲ್ಕು ವರ್ಷದ ಮಗು. ಪಾತ್ರೆ, ಅಕ್ಕಿ ಚೀಲ, ಚಾಪೆ ಎಲ್ಲವನ್ನೂ ಮಳೆಗೆ ಎಸೆದರು. ಏನೂ ಸಿಗಲಿಲ್ಲ. ಮಗು ಅಳಲೂ ಇಲ್ಲ, ಒಲೆಯ ಹಿಂದೆ ಕೂತು ನೋಡುತ್ತಿತ್ತು. "ಸಾವ್ಕಾರ್ರೇ, ನಾವೇನು ಮಾಡಿದ್ವಿ?" ಅಂತ ಆ ಹೆಂಗಸು ಅಪ್ಪನನ್ನು ಕೇಳಿದಳು. ನಮ್ಮ ಮನೆಗೂ ಆ ಒಂದು ಕೋಣೆಗೂ ಕಾನೂನು ಒಂದೇ. ಅವತ್ತು ಅದು ಒಂದೇ ಆಗಿರಲಿಲ್ಲ. ನನ್ನ ಉತ್ತರದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ.

ಗಾಂಜಾ ಕೇಸುಗಳಿಗೆ ಮಾದಕ ವಸ್ತುಗಳ ಕಾಯ್ದೆಯ (ಎನ್‌ಡಿಪಿಎಸ್) 42ನೇ ಸೆಕ್ಷನ್ ಇದೆ. ಸೂರ್ಯ ಮುಳುಗಿದ ಮೇಲೆ ವಾರೆಂಟ್ ಇಲ್ಲದೆ ಮನೆಯೊಳಗೆ ಹೋಗುವುದಾದರೆ ಅಧಿಕಾರಿ ಕಾರಣ ಬರೆದಿಡಬೇಕು, 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳಿಸಬೇಕು. ಬಾಗಿಲು ಒಡೆಯುವ ಅಧಿಕಾರ ಇರುವುದು ಒಳಗಿನವರು ತಡೆದಾಗ. ನಿದ್ದೆಯಲ್ಲಿ ಇದ್ದವರು ಏನು ತಡೆದರು? ಇದನ್ನು ಪೂರ್ತಿ ಗಾಳಿಗೆ ತೂರಿದರೆ ಕೇಸ್ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ಬೇರೆ ಕೇಸುಗಳಲ್ಲಿ ಇಷ್ಟು ಬಿಗಿ ಇಲ್ಲ. ಶೋಧ ತಪ್ಪಾಗಿ ನಡೆದಿದ್ದರೂ ಸಿಕ್ಕಿದ ವಸ್ತುವನ್ನು ಕೋರ್ಟ್ ಸಾಕ್ಷಿಯಾಗಿ ತೆಗೆದುಕೊಳ್ಳಬಹುದು. ಹಾಗಾಗಿ ತಪ್ಪು ಮಾಡಿದರೆ ನಷ್ಟ ಏನು ಅನ್ನುವ ಧೈರ್ಯ ಬಂದುಬಿಡುತ್ತದೆ.

ಮಹಜರಿನ ಕಥೆ ಇನ್ನೊಂದು. ಆ ಊರಿನ ಇಬ್ಬರು ಪಂಚರ (ಸಾಕ್ಷಿಗಳ) ಎದುರು ಶೋಧ ಆಗಬೇಕು, ಮನೆಯವರು ನೋಡುತ್ತಿರಬೇಕು, ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿ ಮನೆಯವರಿಗೆ ಕೊಡಬೇಕು. ಅವತ್ತು ಪಂಚರು ಇರಲಿಲ್ಲ. ಮರುದಿನ ನಮ್ಮ ಕಾಫಿ ಒಣಗಿಸುವ ಕಣದಲ್ಲಿ ಅಪ್ಪನ ಮುಂದೆ ಎರಡು ಖಾಲಿ ಹಾಳೆ ಇಟ್ಟು "ಸೈನ್ ಮಾಡಿ, ಆಮೇಲೆ ಬರ್ಕೊಳ್ತೇವೆ" ಅಂದರು. ಅಪ್ಪ ಮಾಡಲಿಲ್ಲ. ಎಷ್ಟು ಜನ ಮಾಡುತ್ತಾರೆ ಅಂತ ಯೋಚಿಸಿ.

ಈಗ ಒಂದು ಒಳ್ಳೆಯ ಬದಲಾವಣೆ ಬಂದಿದೆ. ಹೊಸ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ, ಜಪ್ತಿ, ಪಟ್ಟಿ ಬರೆಯುವುದು, ಸಾಕ್ಷಿಗಳ ಸಹಿ, ಎಲ್ಲವನ್ನೂ ವಿಡಿಯೋ ಮಾಡಬೇಕು, ಮೊಬೈಲಿನಲ್ಲಾದರೂ ಸರಿ. ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟ್‌ಗೆ ಕಳಿಸಬೇಕು. ಆ ವಿಡಿಯೋ ಬಾಗಿಲು ತಟ್ಟುವ ಮೊದಲೇ ಶುರುವಾಗಬೇಕು ಅಂತ ನನ್ನ ಒತ್ತಾಯ. ಬಾಗಿಲು ಬಿದ್ದ ಮೇಲೆ ಶುರು ಮಾಡಿದರೆ ಹೆಸರು ಹೇಳಿದರಾ ಇಲ್ಲವಾ ಅನ್ನುವುದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಗುಂಡು ಹಾರಿ ಯಾರಾದರೂ ಸತ್ತರೆ ನಿಯಮ ಇನ್ನೂ ಗಟ್ಟಿ. 2024ರ ನವೆಂಬರ್ 18ರ ರಾತ್ರಿ ಉಡುಪಿ ಜಿಲ್ಲೆಯ ಹೆಬ್ರಿ ತಾಲ್ಲೂಕಿನ ಪೀತಬೈಲಿನಲ್ಲಿ ನಕ್ಸಲ್ ನಿಗ್ರಹ ಪಡೆಯ ಗುಂಡಿಗೆ ನಕ್ಸಲ್ ನಾಯಕ ವಿಕ್ರಂ ಗೌಡ ಸತ್ತದ್ದು ನೀವು ಓದಿರುತ್ತೀರಿ. ಶರಣಾಗಲು ಹೇಳಿದಾಗ ಅವನೇ ಮೊದಲು ಗುಂಡು ಹಾರಿಸಿದ ಅಂತ ಪೊಲೀಸರು ಹೇಳಿದರು, ತನಿಖೆ ಆಗಲಿ ಅಂತ ಹಲವರು ಕೇಳಿದರು. ಅವನ ದಾರಿಯನ್ನು ನಾನು ಒಪ್ಪುವುದಿಲ್ಲ. ಆದರೆ ಕೇಳಿದ್ದು ಸರಿ. ಎನ್‌ಕೌಂಟರ್ ಸಾವಿನ ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯವರು ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆಯೂ ಆಗಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ.

ಇವತ್ತು ರಾತ್ರಿಯೇ ನಿಮ್ಮ ಬಾಗಿಲಿಗೆ ಬಂದರೆ? ಕೋವಿ ಮುಟ್ಟಬೇಡಿ. ಬಾಗಿಲು ಮುಚ್ಚಿಕೊಂಡೇ ಹೆಸರು, ಠಾಣೆ ಕೇಳಿ. ಅಂಗಳದ ಲೈಟ್ ಹಾಕಿ, ಗುರುತಿನ ಚೀಟಿಯನ್ನು ಕಿಟಕಿಯಲ್ಲಿ ತೋರಿಸಲು ಹೇಳಿ. ಅನುಮಾನ ಇದ್ದರೆ 112ಕ್ಕೆ ಫೋನ್ ಮಾಡಿ ನಿಜವಾಗಿ ಪೊಲೀಸರೇನಾ ಅಂತ ಕೇಳಿ. ಪೊಲೀಸರು ಅಂತ ಖಾತ್ರಿಯಾದರೆ ಅಡ್ಡ ನಿಲ್ಲಬೇಡಿ, ಬಾಗಿಲು ತೆಗೆಯಿರಿ, ಕೋವಿ ಎಲ್ಲಿದೆ ಅಂತ ಮೊದಲೇ ಹೇಳಿ. ಹೆಂಗಸರನ್ನು ರಾತ್ರಿ ಬಂಧಿಸಬೇಕಾದರೆ ಮಹಿಳಾ ಅಧಿಕಾರಿ ಮತ್ತು ಮ್ಯಾಜಿಸ್ಟ್ರೇಟರ ಮುಂಚಿತ ಅನುಮತಿ ಬೇಕು, ಅದನ್ನು ಕೇಳಿ. ಖಾಲಿ ಹಾಳೆಗೆ ಸಹಿ ಮಾಡಬೇಡಿ. ತಪ್ಪು ನಡೆದಿದ್ದರೆ ಎಸ್‌ಪಿಗೆ, ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ, ಪೊಲೀಸ್ ದೂರು ಪ್ರಾಧಿಕಾರಕ್ಕೆ ಬರೆಯಿರಿ. ದೂರು ಪ್ರಾಧಿಕಾರ ಸುಪ್ರೀಂ ಕೋರ್ಟಿನ 2006ರ ಆದೇಶದಿಂದ ಬಂದದ್ದು, ಅದು ಇದೆ ಅಂತಲೇ ತುಂಬಾ ಜನರಿಗೆ ಗೊತ್ತಿಲ್ಲ.

ನಾವು ಬರೆದೆವು. ಸಕಾರಣ ಇಲ್ಲದೆ ಮನೆ ಶೋಧಿಸಿದ ಅಧಿಕಾರಿಗೆ ಅದೇ ಎನ್‌ಡಿಪಿಎಸ್ ಕಾಯ್ದೆಯ 58ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಇದೆ, ಅದನ್ನೂ ಅರ್ಜಿಯಲ್ಲಿ ಹಾಕಿದೆವು. ಹೇಳಿಕೆ ಕೊಡಲು ಆ ಗಂಡ ಹೆಂಡತಿ ಎರಡು ಸಲ ಕೂಲಿ ಬಿಟ್ಟು ಹೋದರು. ಮೂರನೇ ಸಲ ಕರೆ ಬರುವ ಹೊತ್ತಿಗೆ ಅವರು ಊರು ಬಿಟ್ಟಿದ್ದರು. ಅವರು ಇದ್ದ ಕೋಣೆಗೆ ಅಪ್ಪ ಸಿಲ್ವರ್ ಓಕ್ ಹಲಗೆಯ ಹೊಸ ಬಾಗಿಲು ಮಾಡಿಸಿ, ಒಳಗಿನಿಂದ ಎರಡು ಚಿಲಕ ಹಾಕಿಸಿದರು.