ಬೆಂಗಳೂರಿನ ತೀರ್ಪು ಮದರಾಸಿಗೆ ‘ವಿದೇಶಿ’ಯಾಗಿದ್ದ ಕಾಲ

ಧಾರವಾಡದಲ್ಲಿ ಕಾನೂನು ಪದವಿಯ ಕೊನೆಯ ವರ್ಷದಲ್ಲಿರುವ ಓದುಗರೊಬ್ಬರು ಬರೆದ ಪತ್ರದ ಸಾರ ಇದು: “ಖಾಸಗಿ ಅಂತರರಾಷ್ಟ್ರೀಯ ಕಾನೂನನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಬೇಕೆಂದಿದ್ದೇನೆ. ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡುವವಳಿಗೆ ಅದರಿಂದೇನು ಪ್ರಯೋಜನ ಎಂದು ಮನೆಯ ಹಿರಿಯರು ಕೇಳುತ್ತಾರೆ. ಪೌರತ್ವದ ಕಾನೂನು, ವಿದೇಶಿಯರ ಕಾನೂನು ಇವುಗಳನ್ನೂ ಜೊತೆಗೇ ಓದಬೇಕೇ? ಎಲ್ಲಿಂದ ಆರಂಭಿಸಲಿ?”

ಸಂಪಾದಕರ ಉತ್ತರ:

ನಿಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಬೆಂಗಳೂರಿನ ಒಂದು ಹಳೆಯ ಆಸ್ತಿ ವ್ಯಾಜ್ಯದಲ್ಲಿದೆ. 1942ರಲ್ಲಿ ತೀರಿಕೊಂಡ ಉದ್ಯಮಿಯೊಬ್ಬರ ಉಯಿಲನ್ನು ಅವರ ಮಕ್ಕಳು ಒಪ್ಪದೆ, ಆಸ್ತಿ ಅವಿಭಕ್ತ ಕುಟುಂಬದ್ದೆಂದು ದಾವೆ ಹೂಡಿದರು. ಸ್ವತ್ತು ಮೈಸೂರು ಸಂಸ್ಥಾನದಲ್ಲೂ ಇತ್ತು, ಮದರಾಸು ಪ್ರಾಂತ್ಯದಲ್ಲೂ ಇತ್ತು. ಮೈಸೂರು ಹೈಕೋರ್ಟಿನ ತೀರ್ಪನ್ನು ಮದರಾಸಿನ ನ್ಯಾಯಾಲಯದ ಮುಂದಿಟ್ಟಾಗ ಅದು ‘ವಿದೇಶಿ ತೀರ್ಪು’ ಎಂದೇ ಪರಿಗಣಿತವಾಯಿತು. ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದದ್ದು 1962ರಲ್ಲಿ. ವಿದೇಶಿ ನ್ಯಾಯಾಲಯದ ನಿರ್ಣಯ ಸರಿಯೋ ತಪ್ಪೋ ಎಂದು ನಾವು ಮತ್ತೆ ತೂಗುವುದಿಲ್ಲ, ಆ ನ್ಯಾಯಾಲಯಕ್ಕೆ ಅಧಿಕಾರವಿತ್ತೇ, ವಿಚಾರಣೆ ಸಹಜ ನ್ಯಾಯದ ರೀತಿಯಲ್ಲಿ, ಅಂದರೆ ಎರಡೂ ಕಡೆಯವರ ಮಾತು ಕೇಳಿ ಪಕ್ಷಪಾತವಿಲ್ಲದೆ, ನಡೆಯಿತೇ ಎಂಬುದನ್ನಷ್ಟೇ ನೋಡುತ್ತೇವೆ ಎಂಬ ತತ್ತ್ವಕ್ಕೆ ಇಂದಿಗೂ ಆಧಾರವಾಗಿ ಉಲ್ಲೇಖಿಸುವುದು ಈ ಆರ್. ವಿಶ್ವನಾಥನ್ ಪ್ರಕರಣವನ್ನೇ. ದಾವೆ ಹೂಡಿದ ಕಾಲದಲ್ಲಿ ಬಳ್ಳಾರಿ ಮದರಾಸಿಗೆ ಸೇರಿತ್ತು, ನಿಮ್ಮ ಧಾರವಾಡ ಮುಂಬಯಿಗೆ ಸೇರಿತ್ತು ಎಂಬುದನ್ನು ನೆನೆದರೆ, ಈ ಶಾಸ್ತ್ರವನ್ನು ಪರದೇಶದವರದೆಂದು ದೂರ ಇಡುವುದು ಎಷ್ಟು ತಪ್ಪೆಂದು ನಿಮಗೇ ತಿಳಿಯುತ್ತದೆ.

ಹೆಸರಿನಲ್ಲಿ ‘ಅಂತರರಾಷ್ಟ್ರೀಯ’ ಎಂದಿದ್ದರೂ ಇದು ಆಯಾ ದೇಶದ ಸ್ವಂತ ಕಾನೂನು. ಎರಡು ದೇಶಗಳ ನಂಟಿರುವ ಮದುವೆ, ಉಯಿಲು ಅಥವಾ ಕರಾರಿನ ಬಗ್ಗೆ ತಕರಾರು ಎದ್ದಾಗ ಯಾವ ನ್ಯಾಯಾಲಯ ಕೇಳಬೇಕು, ಯಾವ ದೇಶದ ಕಾನೂನನ್ನು ಅನ್ವಯಿಸಬೇಕು, ಅಲ್ಲಿಯ ತೀರ್ಪಿಗೆ ಇಲ್ಲಿ ಎಷ್ಟು ಬೆಲೆ ಎಂಬ ಮೂರು ಪ್ರಶ್ನೆಗಳೇ ಇದರ ತಿರುಳು. ಭಾರತದಲ್ಲಿ ಇದಕ್ಕೆಂದು ಒಂದೇ ಸಂಹಿತೆ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆ, 1969ರ ವಿದೇಶಿ ವಿವಾಹ ಕಾಯ್ದೆ, 1925ರ ಉತ್ತರಾಧಿಕಾರ ಕಾಯ್ದೆ ಮತ್ತು ತೀರ್ಪುಗಳಿಂದ ನೀವೇ ಹೆಕ್ಕಿ ಜೋಡಿಸಿಕೊಳ್ಳಬೇಕು. ಇದು ಕಷ್ಟವೆನ್ನಿಸಿದರೂ, ವಿಷಯ ಮನಸ್ಸಿನಲ್ಲಿ ನಿಲ್ಲುವುದು ಹೀಗೆ ಜೋಡಿಸಿಕೊಂಡಾಗಲೇ.

ತಾಲ್ಲೂಕು ಕೋರ್ಟಿನ ಮಾತಿಗೆ ಬರುತ್ತೇನೆ. ಅಮೆರಿಕದಲ್ಲಿರುವ ಗಂಡನಿಂದ ಅಂಚೆಯಲ್ಲಿ ಬಂದ ವಿಚ್ಛೇದನ ಡಿಕ್ರಿಯ ಜೆರಾಕ್ಸ್ ಪ್ರತಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಬ್ಬ ತಾಯಿ ಮಗಳೊಂದಿಗೆ ನಿಮ್ಮ ಮೇಜಿನ ಮುಂದೆ ಕುಳಿತಿದ್ದಾರೆಂದು ಭಾವಿಸಿ. ಅವರಿಗೆ ಬೇಕಾಗಿರುವುದು ಒಂದೇ ಉತ್ತರ: ಮಗಳ ಮದುವೆ ಉಳಿದಿದೆಯೋ, ಮುರಿದಿದೆಯೋ? 1991ರ ವೈ. ನರಸಿಂಹರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎದುರಿಸಿದ್ದು ಇದೇ ಪ್ರಶ್ನೆಯನ್ನು. ಮದುವೆ 1975ರಲ್ಲಿ ತಿರುಪತಿಯಲ್ಲಿ, ಹಿಂದೂ ಕಾನೂನಿನಂತೆ ನಡೆದಿತ್ತು. ಗಂಡ ಅಮೆರಿಕದ ಮಿಸೌರಿಯಲ್ಲಿ ತೊಂಬತ್ತು ದಿನ ವಾಸವಿದ್ದೇನೆಂದು ತೋರಿಸಿ, ದಾಂಪತ್ಯ ಸರಿಪಡಿಸಲಾಗದಷ್ಟು ಮುರಿದಿದೆ ಎಂಬ ಕಾರಣಕ್ಕೆ ಡಿಕ್ರಿ ಪಡೆದಿದ್ದ. ಆ ಕಾರಣ ನಮ್ಮ ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲ. ಹೆಂಡತಿ ಆ ನ್ಯಾಯಾಲಯದ ಅಧಿಕಾರಕ್ಕೆ ಒಳಪಟ್ಟೂ ಇರಲಿಲ್ಲ. ಡಿಕ್ರಿಯನ್ನು ಮಾನ್ಯ ಮಾಡಲಾಗದೆಂದು ತೀರ್ಪಾಯಿತು. ದಂಪತಿ ಮದುವೆಯಾದ ಕಾನೂನಿನ ಪ್ರಕಾರ ಅಧಿಕಾರವುಳ್ಳ ನ್ಯಾಯಾಲಯ, ಆ ಕಾನೂನು ಒಪ್ಪುವ ಕಾರಣಕ್ಕಾಗಿ ಕೊಟ್ಟ ಡಿಕ್ರಿ ಮಾತ್ರ ಇಲ್ಲಿ ನಿಲ್ಲುತ್ತದೆ ಎಂಬುದು ಸಾಮಾನ್ಯ ನಿಯಮವಾಯಿತು. ಎದುರು ಪಕ್ಷ ಕಾಯಂ ವಾಸವಿರುವ ಕಡೆಯ ಮೊಕದ್ದಮೆ, ತಾನಾಗಿ ಹಾಜರಾಗಿ ವಾದಿಸಿದ್ದು, ವಿಚ್ಛೇದನಕ್ಕೆ ಸಮ್ಮತಿ ಕೊಟ್ಟದ್ದು ಇವೇ ಅದಕ್ಕಿರುವ ಅಪವಾದಗಳು. ಆ ತೀರ್ಪಿನ ಇನ್ನೊಂದು ಸಣ್ಣ ಮಾತನ್ನು ಮರೆಯಬೇಡಿ: ವಿದೇಶಿ ಡಿಕ್ರಿಯ ಬರಿಯ ಜೆರಾಕ್ಸ್ ಪ್ರತಿ ಸಾಲದು, ಕ್ರಮಬದ್ಧವಾಗಿ ದೃಢೀಕರಿಸಿದ ಪ್ರತಿ ಬೇಕು. ಆ ತಾಯಿಯ ಸೆರಗಿನಲ್ಲಿದ್ದ ಕಾಗದದ ಬೆಲೆ ಎಷ್ಟೆಂದು ನೀವು ಮೊದಲ ಭೇಟಿಯಲ್ಲೇ ಹೇಳಬಲ್ಲಿರಿ.

ಹಣದ ಡಿಕ್ರಿಗಳ ದಾರಿ ಬೇರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಭಾರತ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ದೇಶಗಳ ಡಿಕ್ರಿಯನ್ನು ನೇರವಾಗಿ ಜಿಲ್ಲಾ ನ್ಯಾಯಾಲಯದಲ್ಲಿ ಜಾರಿಗೆ ಹಾಕಬಹುದು. ಬ್ರಿಟನ್, ಸಿಂಗಪುರ ಆ ಪಟ್ಟಿಯಲ್ಲಿವೆ, ಅಮೆರಿಕ ಇಲ್ಲ. 2020ರ ಜನವರಿಯಲ್ಲಿ ಸಂಯುಕ್ತ ಅರಬ್ ಸಂಸ್ಥಾನವೂ ಸೇರಿತು. ದುಬೈ ಸಾಲದ ಡಿಕ್ರಿಯೊಂದು ಮಂಗಳೂರಿನ ಮನೆಯ ಬಾಗಿಲಿಗೆ ಬರಬಹುದಾದ ಈ ಕಾಲದಲ್ಲಿ, ಕರಾವಳಿಯ ವಕೀಲರಿಗೆ ಇದು ನಿತ್ಯದ ವಿಷಯವೇ.

ಪೌರತ್ವವನ್ನೂ ಜೊತೆಗೇ ಓದಿರಿ. ಆದರೆ ಎರಡರ ಅಳತೆಗೋಲನ್ನು ಬೆರೆಸಬೇಡಿ. ದಾವಣಗೆರೆಯಲ್ಲಿ ಹುಟ್ಟಿ ಅಮೆರಿಕದ ಪೌರತ್ವ ಪಡೆದವರ ಭಾರತೀಯ ಪೌರತ್ವ 1955ರ ಕಾಯ್ದೆಯ 9ನೇ ಕಲಮಿನಂತೆ ಅಲ್ಲಿಗೇ ಮುಗಿಯುತ್ತದೆ. ಅನಂತರ ಪಡೆಯುವ ಓಸಿಐ (ಓವರ್ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡಿನಲ್ಲಿ ‘ಸಿಟಿಜನ್’ ಎಂಬ ಶಬ್ದವಿದ್ದರೂ ಮತದಾನದ ಹಕ್ಕಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಆದರೆ ಅವರ ದಾವಣಗೆರೆಯ ಮನೆಯ ಉತ್ತರಾಧಿಕಾರ ಮನೆ ನಿಂತ ನೆಲದ ಕಾನೂನಿನಂತೆಯೇ ನಡೆಯುತ್ತದೆ. ಬ್ಯಾಂಕಿನ ಠೇವಣಿಯಂಥ ಚರ ಸ್ವತ್ತಿಗೆ ಅವರ ಡೊಮಿಸೈಲ್, ಅಂದರೆ ಅಧಿವಾಸ (ಕಾಯಂ ಆಗಿ ನೆಲೆಸುವ ಉದ್ದೇಶದಿಂದ ಮಾಡಿಕೊಂಡ ನೆಲೆ), ಎಲ್ಲಿತ್ತೆಂದು ಹುಡುಕಬೇಕಾಗುತ್ತದೆ. ಎಲ್ಲಿಯ ಪ್ರಜೆ, ಎಲ್ಲಿಯ ಅಧಿವಾಸಿ, ಯಾವ ಅನುಮತಿಯ ಮೇಲೆ ಇಲ್ಲಿ ವಾಸ ಎಂಬ ಮೂರನ್ನೂ ಪ್ರತ್ಯೇಕವಾಗಿ ಕೇಳುವ ಅಭ್ಯಾಸ ಮಾಡಿಕೊಂಡರೆ ಈ ವಿಷಯದ ಅರ್ಧ ತೊಡಕು ಬಿಡಿಸಿದಂತೆ.

ಈ ಎರಡು ಶಾಸ್ತ್ರಗಳು ಕೂಡುವ ಜಾಗ ಸಂವಿಧಾನದ 5ನೇ ಅನುಚ್ಛೇದ. ಸಂವಿಧಾನ ಜಾರಿಗೆ ಬಂದಾಗ ಪೌರರಾರೆಂದು ಹೇಳುವಲ್ಲಿ ಅದು ಬಳಸಿದ್ದು ಡೊಮಿಸೈಲ್ ಎಂಬ ಶಬ್ದವನ್ನೇ. 1937ರಿಂದ ಭಾರತದಲ್ಲಿದ್ದ ಬೆಲ್ಜಿಯಂನ ಧರ್ಮಪ್ರಚಾರಕರೊಬ್ಬರು ತಾವು ಈ ಅನುಚ್ಛೇದದಂತೆ ಪೌರರೆಂದು ವಾದಿಸಿದಾಗ, ವಾಸ ಎಷ್ಟೇ ದೀರ್ಘವಾಗಿದ್ದರೂ ಇಲ್ಲೇ ನೆಲೆಸುವ ಉದ್ದೇಶ ಸಿದ್ಧವಾಗಬೇಕೆಂದು 1991ರ ಲೂಯಿ ಡಿ ರೇಡ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅವರು ವಿದೇಶಿ ಪಾಸ್‌ಪೋರ್ಟಿನ ಮೇಲೆ, ವಾಸದ ಪರವಾನಗಿ ಪಡೆದು ಇದ್ದವರಾಗಿದ್ದರು. ಐವತ್ತು ವರ್ಷಕ್ಕೂ ಮೀರಿದ ಬದುಕು ಆ ಪರವಾನಗಿಯ ಕಾಗದದ ಮುಂದೆ ನಿಲ್ಲಲಿಲ್ಲ. ಆ ತೀರ್ಪು ಕಾನೂನಿನ ದೃಷ್ಟಿಯಿಂದ ಸರಿ ಎಂದು ಒಪ್ಪಿದ ಮೇಲೂ ಅದನ್ನು ಓದುವಾಗಲೆಲ್ಲ ನನಗೆ ನೋವಾಗುತ್ತದೆ.

ಇದರ ಇನ್ನೊಂದು ಮುಖ ನಮ್ಮ ಬೈಲುಕುಪ್ಪೆಯಲ್ಲಿ, ಮುಂಡಗೋಡದಲ್ಲಿದೆ. ಅಲ್ಲಿಯ ಟಿಬೆಟನ್ ಶಿಬಿರಗಳಲ್ಲಿ ಹುಟ್ಟಿದ ಅನೇಕರು ವಿದೇಶಿಯರ ನೋಂದಣಿ ಪತ್ರ ಹಿಡಿದೇ ಬೆಳೆದರು. ಆದರೆ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಭಾರತದ ಪೌರರು. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಟಿಬೆಟನ್ನರ ವಿಷಯದಲ್ಲಿ ಇದನ್ನು ಎತ್ತಿಹಿಡಿದವು. 1987ರ ಅನಂತರ ತಂದೆತಾಯಿಯರಲ್ಲಿ ಒಬ್ಬರು ಪೌರರಾಗಿರಬೇಕು. 2004ರ ಡಿಸೆಂಬರ್ 3ರಿಂದ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಒಂದೇ ಮನೆಯ ಅಣ್ಣ ಪೌರ, ತಮ್ಮ ವಿದೇಶಿ ಆಗುವುದು ಹೀಗೆ.

ಆರಂಭಕ್ಕೆ, ವಿದೇಶಿ ತೀರ್ಪು ಇಲ್ಲಿ ಯಾವಾಗ ನಿಲ್ಲುವುದಿಲ್ಲವೆಂದು ಹೇಳುವ, ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಮಿನ ಆರು ಅಪವಾದಗಳನ್ನು ಕಂಠಪಾಠವಾಗುವಷ್ಟು ಓದಿರಿ. ನಂತರ ನರಸಿಂಹರಾವ್ ತೀರ್ಪನ್ನು ಮೂಲದಲ್ಲೇ ಓದಿರಿ, ಅದು ದೊಡ್ಡದಲ್ಲ. ವಿಶ್ವನಾಥನ್ ತೀರ್ಪು ದೀರ್ಘವಾದದ್ದು. ಅದಕ್ಕೆ ರಜೆಯ ದಿನಗಳನ್ನು ಇಟ್ಟುಕೊಳ್ಳಿ. ವಿದೇಶಿಯರ ಕಾನೂನಿಗೆ ಪುಸ್ತಕ ಕೊಳ್ಳುವ ಮುನ್ನ ಮುದ್ರಣದ ವರ್ಷ ನೋಡಿರಿ: 1946ರ ವಿದೇಶಿಯರ ಕಾಯ್ದೆಯೂ ಸೇರಿ ನಾಲ್ಕು ಹಳೆಯ ಕಾಯ್ದೆಗಳ ಜಾಗಕ್ಕೆ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಬಂದಿದೆ. ತಾನು ವಿದೇಶಿಯಲ್ಲವೆಂದು ಸಾಬೀತುಪಡಿಸುವ ಹೊಣೆ ಆ ವ್ಯಕ್ತಿಯದೇ ಎಂಬ ಹಳೆಯ ನಿಯಮ ಹೊಸ ಕಾಯ್ದೆಯಲ್ಲೂ ಉಳಿದಿರುವುದರಿಂದ, ಹಳೆಯ ತೀರ್ಪುಗಳನ್ನೂ ನೀವು ಓದಲೇಬೇಕು.