ನನಗೇನು ಇಷ್ಟ ಅಂತಾನೇ ಗೊತ್ತಿಲ್ಲ, ಕೆಲಸ ಹೇಗೆ ಆರಿಸ್ಕೊಳ್ಳಲಿ?

ಪ್ರಶ್ನೆ: ನನಗೆ 26 ವರ್ಷ. ಮೂರು ವರ್ಷದಿಂದ ಒಂದು ಕಂಪನೀಲಿ ಅಕೌಂಟ್ಸ್ ನೋಡ್ಕೋತಿದೀನಿ. ಸಂಬಳ ಪರವಾಗಿಲ್ಲ, ಜೊತೇಲಿರೋರೂ ಒಳ್ಳೆಯವ್ರೇ, ಆದ್ರೆ ಭಾನುವಾರ ಸಂಜೆ ಆದ್ರೆ ಸಾಕು ಎದೆ ಭಾರ ಆಗತ್ತೆ. 'ಮೊದ್ಲು ನಿನ್ನನ್ನ ನೀನು ತಿಳ್ಕೋ, ಆಮೇಲೆ ಕೆಲಸ ಆರಿಸ್ಕೋ' ಅಂತಾರೆ ಎಲ್ರೂ. ಹೇಗೆ ತಿಳ್ಕೊಳ್ಳೋದು? ನೆಟ್ಟಲ್ಲಿ ಆರೇಳು ಪರ್ಸನಾಲಿಟಿ ಟೆಸ್ಟ್ ತಗೊಂಡೆ, ಒಂದು ಟೀಚರ್ ಆಗು ಅಂತು, ಇನ್ನೊಂದು ವಿಜ್ಞಾನಿ ಆಗು ಅಂತು, ಓದ್ತಾ ಇದ್ರೆ ಎರಡೂ ನಿಜಾನೇ ಅನ್ಸತ್ತೆ.

ಉತ್ತರ: ಎರಡೂ ನಿಜ ಅನ್ಸತ್ತೆ ಅಂದ್ರಲ್ಲ, ಅಲ್ಲಿಂದಾನೇ ಶುರು ಮಾಡ್ತೀನಿ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ ಕ್ಲಾಸಿನ 39 ವಿದ್ಯಾರ್ಥಿಗಳಿಗೆ ಒಂದು ಪರ್ಸನಾಲಿಟಿ ಟೆಸ್ಟ್ ಕೊಟ್ಟ, ಆಮೇಲೆ ಒಬ್ಬೊಬ್ಬರಿಗೂ 'ಇದು ನಿನ್ನ ರಿಸಲ್ಟ್' ಅಂತ ಒಂದು ಹಾಳೆ ಕೊಟ್ಟು, ಎಷ್ಟು ಸರಿ ಇದೆ ಐದಕ್ಕೆ ಮಾರ್ಕ್ಸ್ ಹಾಕಿ ಅಂದ. ಸರಾಸರಿ ನಾಲ್ಕಕ್ಕಿಂತ ಜಾಸ್ತಿ ಬಂತು. ಆದ್ರೆ 39 ಹಾಳೇಲೂ ಇದ್ದಿದ್ದು ಒಂದೇ ಬರಹ, ಅದೂ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿ ಜೋಡ್ಸಿದ್ದು. ಹೊರಗಡೆ ಶಿಸ್ತಾಗಿ ಕಾಣ್ತೀರಿ ಒಳಗೊಳಗೇ ಅಳುಕು ಇದೆ ಅನ್ನೋ ಥರದ ಮಾತು, ಯಾರಿಗೆ ಹೇಳಿದ್ರೂ ಹೌದೌದು ಅಂತಾರೆ. ಹಾಗಾಗಿ ಟೆಸ್ಟ್ ಓದಿ ಗೊಂದಲ ಆಯ್ತು ಅಂತ ನಿಮ್ಮನ್ನ ನೀವು ಬೈಕೋಬೇಡಿ.

ಎಲ್ಲಾ ಟೆಸ್ಟೂ ದಂಡ ಅಂತ ನಾನು ಹೇಳ್ತಿಲ್ಲ. 1959ರಲ್ಲಿ ಜಾನ್ ಹಾಲೆಂಡ್ ಅನ್ನೋ ಮನಶ್ಶಾಸ್ತ್ರಜ್ಞರು ಜನರ ಒಲವನ್ನ ಆರು ಗುಂಪು ಮಾಡಿದ್ರು: ಕೈಯಾರೆ ಮಾಡೋ ಕೆಲಸ, ಹುಡುಕಿ ತಿಳಿಯೋ ಕೆಲಸ, ಕಲೆ, ಜನರಿಗೆ ನೆರವಾಗೋದು, ಜನರನ್ನ ಒಪ್ಪಿಸಿ ಮುನ್ನಡೆಸೋದು, ಲೆಕ್ಕಪತ್ರ ಅಚ್ಚುಕಟ್ಟಾಗಿ ಇಡೋದು. ಇದು ನನಗೆ ಯಾಕೆ ಇಷ್ಟ ಅಂದ್ರೆ, ಯಾರೂ ಪೂರ್ತಿ ಒಂದೇ ಗುಂಪಿಗೆ ಸೇರಲ್ಲ, ಸಾಮಾನ್ಯವಾಗಿ ಎರಡು ಮೂರು ಬೆರೆತಿರತ್ತೆ. ನಿಮ್ಮ ಈಗಿನ ಕೆಲಸ ಹೆಚ್ಚುಕಮ್ಮಿ ಕೊನೇ ಗುಂಪಿಂದು. ಅದರ ಜೊತೆ ನಿಮ್ಮಲ್ಲಿ ಇನ್ನೇನಿದೆ, ಅದಕ್ಕೆ ಈ ಮೂರು ವರ್ಷದಲ್ಲಿ ಊಟ ಸಿಕ್ಕಿದ್ಯಾ ಅಂತ ನೋಡಿ.

ಇದನ್ನ ಕೂತು ಯೋಚ್ನೆ ಮಾಡಿ ಕಂಡ್ಕೊಳ್ಳೋಕೆ ಆಗಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಯಾಕಂದ್ರೆ ಕೂತು ಯೋಚಿಸಿದಾಗ ನಮಗೆ ಹೊಳೆಯೋದು ಬರೀ ಹುದ್ದೆಗಳ ಹೆಸರು, ಡಾಕ್ಟರ್, ಡಿಸೈನರ್, ಟೀಚರ್, ಆ ಹೆಸರಿನ ಒಳಗೆ ದಿನಾ ಏನ್ ನಡಿಯತ್ತೆ ಅನ್ನೋದು ಕಣ್ಣಿಗೆ ಬರಲ್ಲ. ಅದಕ್ಕೇ ಒಂದು ಸಣ್ಣ ನೋಟ್‌ಬುಕ್ ಇಟ್ಕೊಳಿ. ಎರಡು ವಾರ, ಪ್ರತಿ ದಿನ ಕೆಲಸ ಮುಗಿದ ತಕ್ಷಣ ಐದು ನಿಮಿಷ. 'ಅಕೌಂಟ್ಸ್ ಮಾಡಿದೆ' ಅಂತ ಬರೀಬೇಡಿ, ಬಿಡಿಸಿ ಬರೀರಿ: ಎರಡು ಪಟ್ಟಿ ತಾಳೆ ನೋಡಿದೆ, ತಪ್ಪು ಎಲ್ಲಿ ನುಸುಳಿದೆ ಅಂತ ಹುಡುಕಿದೆ, ಹೊಸದಾಗಿ ಸೇರಿದವರಿಗೆ ಸಾಫ್ಟ್‌ವೇರ್ ಹೇಳ್ಕೊಟ್ಟೆ, ಬಾಕಿ ಇರೋರಿಗೆ ಫೋನ್ ಮಾಡಿ ದುಡ್ಡು ಕೇಳ್ದೆ. ಒಂದೊಂದರ ಮುಂದೆ ಹೊತ್ತು ಹೋಗಿದ್ದು ಗೊತ್ತಾಗ್ಲಿಲ್ವಾ, ಇಲ್ಲಾ ನಾಳೆ ನಾಳೆ ಅಂತ ಮುಂದೂಡ್ತಿದ್ರಾ, ಅಷ್ಟೇ ಗುರುತು ಹಾಕಿ. ಆ ಎದೆ ಭಾರ ಲೆಕ್ಕದ್ದೇ ಇರಬಹುದು, ಅಥವಾ ಸೋಮವಾರ ಬೆಳಗ್ಗೆ ಮಾಡಬೇಕಾದ ಆ ಫೋನ್‌ಗಳದ್ದೂ ಇರಬಹುದು. ಎರಡಕ್ಕೂ ಮದ್ದು ಪೂರ್ತಿ ಬೇರೆ.

ನನ್ನದೇ ಒಂದು ವಿಷಯ ಹೇಳ್ತೀನಿ. ನಿಮ್ಮ ವಯಸ್ಸಲ್ಲಿ ನನಗೆ ಫೋಟೋಗ್ರಾಫರ್ ಆಗ್ಬೇಕು ಅಂತ ಭಯಂಕರ ಹುಚ್ಚು. ಪರಿಚಯದ ಫೋಟೋಗ್ರಾಫರ್ ಒಬ್ಬರನ್ನ ಕೇಳ್ಕೊಂಡು ನಾಲ್ಕು ವಾರಾಂತ್ಯ ಅವರ ಜೊತೆ ಓಡಾಡಿದೆ. ಕ್ಯಾಮೆರಾ ಕೈಲಿ ಇರ್ತಿದ್ದಿದ್ದು ಸ್ವಲ್ಪ ಹೊತ್ತು, ಉಳಿದಿದ್ದೆಲ್ಲ ಲೈಟ್ ಹೊರೋದು, ಗಿರಾಕಿ ಹತ್ರ ಮಾತು, ರಾತ್ರಿ ಕಂಪ್ಯೂಟರ್ ಮುಂದೆ ಒಂದೇ ಥರದ ನೂರಾರು ಚಿತ್ರದಲ್ಲಿ ಒಂದನ್ನ ಆರಿಸೋದು. ಮೂರನೇ ವಾರಕ್ಕೆ ಸೋತುಹೋದೆ. ಆದ್ರೆ ಆರಿಸಿದ ಚಿತ್ರಗಳ ಕೆಳಗೆ ಎರಡೆರಡು ಸಾಲು ಬರಿ ಅಂತ ಅವ್ರು ಒಂದ್ಸಲ ಹೇಳಿದ್ರು, ಬರಿಯೋಕೆ ಕೂತವನು ತಲೆ ಎತ್ತಿದಾಗ ರಾತ್ರಿ ಎರಡು ಗಂಟೆ. ಬರವಣಿಗೆ ನನ್ನ ಲಿಸ್ಟಲ್ಲೇ ಇರ್ಲಿಲ್ಲ!

1908ರಲ್ಲಿ ಬೋಸ್ಟನ್‌ನಲ್ಲಿ ಯುವಕರಿಗೆ ವೃತ್ತಿ ಸಲಹೆ ಕೊಡೋಕೆ ಅಂತಾನೇ ಒಂದು ಕೇಂದ್ರ ಶುರು ಮಾಡಿದ ಫ್ರಾಂಕ್ ಪಾರ್ಸನ್ಸ್ ಮೂರು ಮಾತು ಹೇಳ್ತಿದ್ರು: ನಿನ್ನನ್ನ ತಿಳ್ಕೋ, ಕೆಲಸಗಳನ್ನ ತಿಳ್ಕೋ, ಎರಡನ್ನೂ ತೂಗಿ ನೋಡು. ನಿಮ್ಮ ಸುತ್ತ ಇರೋರು ಮೊದಲನೇದನ್ನ ಮಾತ್ರ ಹೇಳಿ ಸುಮ್ಮನಾಗಿದಾರೆ. ನೋಟ್‌ಬುಕ್ ನೋಡಿದ ಮೇಲೆ ಯಾವುದಾದ್ರೂ ಕೆಲಸ ಸೆಳೆದ್ರೆ ಅದನ್ನ ಮಾಡ್ತಿರೋ ಇಬ್ಬರು ಮೂವರನ್ನ ಮಾತಾಡಿಸಿ. 'ಈ ಫೀಲ್ಡ್ ಚೆನ್ನಾಗಿದ್ಯಾ' ಅಂತ ಕೇಳಿದ್ರೆ ಪ್ರಯೋಜನ ಇಲ್ಲ, 'ನಿನ್ನೆ ಬೆಳಗ್ಗೆಯಿಂದ ಸಂಜೆವರೆಗೆ ಏನೇನ್ ಮಾಡಿದ್ರಿ' ಅಂತ ಕೇಳಿ. ಆಗ್ಲೂ ಇಷ್ಟ ಆದ್ರೆ ರಜೆ ದಿನ ಸ್ವಲ್ಪ ಮಾಡಿ ನೋಡಿ. ಅಲ್ಲಿವರೆಗೆ ಕೆಲಸ ಮಾತ್ರ ದಯವಿಟ್ಟು ಬಿಡ್ಬೇಡಿ, ಕೈಲಿ ಸಂಬಳ ಇಲ್ದೇ ಇದ್ದಾಗ ಮನುಷ್ಯ ಸಿಕ್ಕಿದ್ದನ್ನ ಹಿಡ್ಕೋತಾನೆ, ಆರಿಸೋಕೆ ವ್ಯವಧಾನ ಇರಲ್ಲ.

ಪ್ರಶ್ನೆ: ಮಗಳಿಗೆ 17. ಮೊದ್ಲು ಪಶುವೈದ್ಯೆ ಅಂದ್ಲು, ಆಮೇಲೆ ನರ್ಸ್, ಈಗ ಫಿಸಿಯೋಥೆರಪಿಸ್ಟ್. ಇವಳ ಚಂಚಲ ಬುದ್ಧಿ ನೋಡಿ ಚಿಂತೆ ಆಗಿದೆ.

ಉತ್ತರ: ನನಗೆ ಚಂಚಲ ಕಾಣಿಸ್ಲಿಲ್ಲಮ್ಮ. ಮೂರೂ ನೋವಲ್ಲಿರೋ ಜೀವವನ್ನ ಮುಟ್ಟಿ ಆರೈಕೆ ಮಾಡೋ ಕೆಲಸಗಳೇ. ಹೆಸರು ಬದಲಾಗ್ತಿದೆ, ಹುಡುಗಿ ಅಲ್ಲೇ ಇದಾಳೆ. ಮುಂದಿನ ಸಲ ಹೊಸ ಹೆಸರು ಹೇಳಿದಾಗ ಬೈಬೇಡಿ, 'ಅದರಲ್ಲಿ ಏನ್ ಮಾಡೋದು ನಿಂಗಿಷ್ಟ' ಅಂತ ಕೇಳಿ, ಅವಳು ಹೇಳಿದ್ದನ್ನ ತಾರೀಖು ಹಾಕಿ ಬರೆದಿಡಿ. ಕೋರ್ಸ್ ಆರಿಸೋ ದಿನ ಆ ಹಾಳೆಗಳನ್ನ ಅವಳ ಕೈಗೇ ಕೊಡಿ.