ನಮ್ಮ ಪತ್ರಿಕಾ ಪ್ರಕಟಣೆಗಳು ಅಚ್ಚಾಗುತ್ತಿಲ್ಲ, ಹೇಗೆ ಬರೆದರೆ ವರದಿಗಾರರು ಓದುತ್ತಾರೆ?

ದಾವಣಗೆರೆಯ ಒಂದು ಸೇವಾ ಸಂಸ್ಥೆಯಲ್ಲಿ ಪ್ರಚಾರದ ಹೊಣೆ ನಿಮ್ಮದು, ಹಳ್ಳಿಯ ಶಾಲೆಗಳಲ್ಲಿ ಆರೋಗ್ಯ ಶಿಬಿರ ನಡೆಸುತ್ತೀರಿ, ಪ್ರತಿ ಶಿಬಿರಕ್ಕೂ ಪ್ರಕಟಣೆ ಕಳುಹಿಸಿದರೂ ಎರಡು ಸಾಲು ಬರುವುದಿಲ್ಲ ಎಂದು ಬರೆದಿದ್ದೀರಿ. ದಾವಣಗೆರೆ ಮತ್ತು ಚಿತ್ರದುರ್ಗದ ಜಿಲ್ಲಾ ಪುಟಗಳ ಡೆಸ್ಕಿನಲ್ಲಿ ಹಲವು ವರ್ಷ ಕುಳಿತು ಇಂಥ ಪ್ರಕಟಣೆಗಳನ್ನು ತಿದ್ದಿದವನು ನಾನು. ಬಹಳಷ್ಟನ್ನು ಪಕ್ಕಕ್ಕಿಟ್ಟವನೂ ಹೌದು. ಹಾಗೆ ಪಕ್ಕಕ್ಕಿಟ್ಟವುಗಳಲ್ಲಿ ಒಳ್ಳೆಯ ಸುದ್ದಿಗಳು ಹೂತುಹೋಗಿದ್ದವು ಎಂಬ ಸಂಕಟ ನನಗೆ ಈಗಲೂ ಇದೆ. ಅದಕ್ಕೇ ಈ ಉತ್ತರ.

ಒಂದು ಪ್ರಕಟಣೆಯನ್ನು ನಾನು ಮರೆತಿಲ್ಲ. ಜಗಳೂರು ತಾಲ್ಲೂಕಿನ ಶಾಲೆಯೊಂದರಲ್ಲಿ ದಂತ ತಪಾಸಣೆ ಶಿಬಿರ. ಮೊದಲ ಪ್ಯಾರಾ ತುಂಬ ವೇದಿಕೆಯಲ್ಲಿದ್ದವರ ಹೆಸರು. ಎರಡನೆಯದರಲ್ಲಿ ಆರೋಗ್ಯವೇ ಭಾಗ್ಯ ಎಂಬ ಉದ್ಘಾಟಕರ ಮಾತು. ಮೂರನೆಯದರಲ್ಲಿ ಪ್ರಾರ್ಥಿಸಿದವರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು. ಕಟ್ಟಕಡೆಯ ಸಾಲಿನಲ್ಲಿ, ಹಲವು ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆ ಕಂಡುಬಂದಿದ್ದು ಪೋಷಕರು ಗಮನ ಹರಿಸಬೇಕು ಎಂದಿತ್ತು.

ಆ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಕಾಟವಿರುವುದು ಅಲ್ಲಿನವರಿಗೆಲ್ಲ ಗೊತ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಜಲಮೂಲವೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಮಗು ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿಯುತ್ತಾ ಬಂದರೆ ಹಲ್ಲಿನ ಮೇಲೆ ಮೂಡುವ ಕಲೆ, ಅಂದರೆ ಫ್ಲೋರೋಸಿಸ್, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆ ಊರಿನ ಪ್ರತಿ ತಾಯಿಗೂ ಬೇಕಾದ ಸುದ್ದಿ ಅದು. ಪ್ರಕಟಣೆಯಲ್ಲಿದ್ದ ಮೊಬೈಲ್ ಸಂಖ್ಯೆಗೆ ಕರೆ ಮಾಡಿದೆ. ಅದು ಬೆರಳಚ್ಚು ಮಾಡಿದವರ ಸಂಖ್ಯೆ. ಎಷ್ಟು ಮಕ್ಕಳನ್ನು ನೋಡಿದರು, ಎಷ್ಟು ಮಂದಿಗೆ ಕಲೆ ಇತ್ತು, ಶಾಲೆಗೆ ನೀರು ಎಲ್ಲಿಂದ ಬರುತ್ತದೆ ಎಂಬ ಮೂರು ಪ್ರಶ್ನೆಗೂ ಅವರಲ್ಲಿ ಉತ್ತರವಿರಲಿಲ್ಲ. ವೈದ್ಯರ ಸಂಖ್ಯೆಯೂ ಅವರ ಬಳಿ ಇರಲಿಲ್ಲ. ಆ ದಿನದ ಪುಟ ಮುಗಿಯಿತು.

ಅದೇ ಪ್ರಕಟಣೆ ಹೀಗೆ ಶುರುವಾಗಿದ್ದರೆ: ‘ಇಂಥ ಊರಿನ ಸರ್ಕಾರಿ ಶಾಲೆಯಲ್ಲಿ ಸೋಮವಾರ ತಪಾಸಣೆಗೆ ಒಳಗಾದ ಇಷ್ಟು ಮಕ್ಕಳಲ್ಲಿ ಇಷ್ಟು ಮಂದಿಯ ಹಲ್ಲುಗಳಲ್ಲಿ ಫ್ಲೋರೋಸಿಸ್ ಲಕ್ಷಣ ಕಂಡುಬಂದಿದೆ. ಮಕ್ಕಳು ಕುಡಿಯುವುದು ಶಾಲೆಯ ಕೊಳವೆಬಾವಿಯ ನೀರು. ಅದರ ಪರೀಕ್ಷೆ ಇನ್ನೂ ಆಗಿಲ್ಲ.’ ಮೂರೇ ಸಾಲು. ಕೊನೆಯ ಸಾಲನ್ನು ಗಮನಿಸಿ. ಆಗದೇ ಇರುವುದನ್ನು ಆಗಿಲ್ಲ ಎಂದು ನೀವೇ ಬರೆದಾಗ ಉಳಿದ ಎರಡು ಸಾಲನ್ನು ಉಪಸಂಪಾದಕ ನಂಬುತ್ತಾನೆ, ವರದಿಗಾರ ಮರುದಿನ ಬೆಳಿಗ್ಗೆ ಬಸ್ ಹತ್ತುತ್ತಾನೆ. ವರದಿಗಾರನಿಗೆ ಸಿದ್ಧ ಸುದ್ದಿಗಿಂತ ಹೆಚ್ಚಾಗಿ ಬೇಕಾದದ್ದು ತಾನೇ ಹೋಗಿ ಕೇಳಿ ಖಚಿತಪಡಿಸಿಕೊಳ್ಳಬಹುದಾದ ಸಂಗತಿ. ಆದ್ದರಿಂದ ಎಣಿಸಿದ ವೈದ್ಯರ ಹೆಸರು ಮತ್ತು ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ಕೊಡಿ. ಸಂಜೆ ಕರೆ ಬರಬಹುದು ಎಂದು ಅವರಿಗೆ ಮೊದಲೇ ತಿಳಿಸಿರಿ. ಮಕ್ಕಳ ಹೆಸರು ಮಾತ್ರ ಬೇಡ, ಹಲ್ಲು ತೋರಿಸುವ ಮಗುವಿನ ಮುಖವೂ ಬೇಡ.

ಅಧ್ಯಕ್ಷರ ಹೆಸರು ಮೊದಲು ಬರದಿದ್ದರೆ ಅವರಿಗೆ ಬೇಸರವಾಗುತ್ತದೆ ಎಂದಿದ್ದೀರಿ. ಆಗುತ್ತದೆ, ನಿಜ. ಈ ಕೆಲಸದ ಕಷ್ಟದ ಭಾಗವೇ ಅದು, ಬರವಣಿಗೆ ಅಲ್ಲ. ಒಮ್ಮೆ ಅವರ ಎದುರು ಕುಳಿತು ಆ ವಾರದ ಪತ್ರಿಕೆ ಬಿಡಿಸಿ, ಅವರು ಯಾವ ಸುದ್ದಿಯನ್ನು ಪೂರ್ತಿ ಓದಿದರು ಎಂದು ಕೇಳಿ. ಹೆಸರುಗಳ ಸಾಲನ್ನು ಅವರೂ ಓದಿರುವುದಿಲ್ಲ.

ಜಾಹೀರಾತು ಕೊಡುತ್ತೇವಲ್ಲ, ಸುದ್ದಿಯನ್ನೂ ಹಾಕಲಿ ಎಂಬ ಮಾತನ್ನು ಯಾರ ಬಾಯಲ್ಲೂ ಬರಗೊಡಬೇಡಿ. ಅಮೆರಿಕದ ಐವಿ ಲೀ ಸಾರ್ವಜನಿಕ ಸಂಪರ್ಕ ವೃತ್ತಿಯ ಮೊದಲಿಗರಲ್ಲಿ ಒಬ್ಬರು. ನಾವು ಕಳುಹಿಸಿದ್ದು ನಿಮ್ಮ ಜಾಹೀರಾತು ವಿಭಾಗಕ್ಕೆ ಹೋಗಬೇಕಾದದ್ದು ಎನಿಸಿದರೆ ಅದನ್ನು ಬಳಸಬೇಡಿ ಎಂದು ಅವರೇ ಸಂಪಾದಕರಿಗೆ ಬರೆದಿದ್ದರು. 1906ರಲ್ಲಿ ಅಟ್ಲಾಂಟಿಕ್ ಸಿಟಿ ಬಳಿ ರೈಲು ಅಪಘಾತವಾದಾಗ, ತಾವು ಕೆಲಸ ಮಾಡುತ್ತಿದ್ದ ಪೆನ್ಸಿಲ್ವೇನಿಯಾ ರೈಲು ಕಂಪನಿಯ ಪರವಾಗಿ ಸಂಗತಿಗಳನ್ನು ಮುಚ್ಚಿಡದೆ ಪತ್ರಿಕೆಗಳಿಗೆ ಕೊಟ್ಟರು. ಇಂದಿನ ಪತ್ರಿಕಾ ಪ್ರಕಟಣೆಯ ಮೂಲವನ್ನು ಹಲವರು ಗುರುತಿಸುವುದು ಅಲ್ಲಿಯೇ. ನಿಮ್ಮ ಶಿಬಿರದಲ್ಲಿ ಔಷಧ ಸಾಲದೆ ಜನ ಮರಳಿ ಹೋಗಿದ್ದರೆ ಅದನ್ನೂ ನೀವೇ ಹೇಳಬೇಕು.

ಇನ್ನು ಕಳುಹಿಸುವ ರೀತಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದು ವರದಿಗಾರನ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದು ಇಮೇಲಿನ ಒಡಲಿಗೇ ಹಾಕಿ. ಪಿಡಿಎಫ್‌ನಿಂದ ಕನ್ನಡ ನಕಲು ಮಾಡಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಫೋಟೊವನ್ನು ವಾಟ್ಸ್‌ಆ್ಯಪಿನಲ್ಲಿ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಅಚ್ಚಿಗೆ ಬೇಕಾದ ಸ್ಪಷ್ಟತೆ ಉಳಿಯುತ್ತದೆ. ಜಿಲ್ಲಾ ಪುಟ ಬೇಗ ಮುಗಿಯುವುದರಿಂದ ಮಧ್ಯಾಹ್ನವೇ ಕಳುಹಿಸುವುದು ಕ್ಷೇಮ.

ಇಂಗ್ಲಿಷಿನಲ್ಲಿ ಬರೆದು ಯಂತ್ರದಿಂದ ಕನ್ನಡ ಮಾಡಿಸಬೇಡಿ. ಬೀಜದ ಕಂಪನಿಯೊಂದು ‘ಮೆಕ್ಕೆಜೋಳ ಕ್ಷೇತ್ರದ ಪ್ರಮುಖ ಆಟಗಾರ’ ಎಂದು ತನ್ನನ್ನು ಕರೆದುಕೊಂಡಿದ್ದ ಪ್ರಕಟಣೆ ನನ್ನ ಮೇಜಿಗೇ ಬಂದಿತ್ತು. ಮೆಕ್ಕೆಜೋಳ ಬೆಳೆಯುವ ರೈತ ಓದುವ ಪತ್ರಿಕೆಯಲ್ಲಿ ಆ ಭಾಷೆಗೆ ಜಾಗವಿಲ್ಲ.

ವಿಳಾಸಪಟ್ಟಿಯನ್ನೂ ಪರಿಶೀಲಿಸಿ. ಹರಪನಹಳ್ಳಿ 2018ರಲ್ಲೇ ದಾವಣಗೆರೆ ಜಿಲ್ಲೆಯಿಂದ ಬಳ್ಳಾರಿಗೆ ಹೋಯಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಅಲ್ಲಿನ ಶಿಬಿರದ ಸುದ್ದಿಯನ್ನು ದಾವಣಗೆರೆಯ ಡೆಸ್ಕಿಗೆ ಕಳುಹಿಸಿದರೆ ಅದು ಸೇರಬೇಕಾದ ಪುಟಕ್ಕೆ ಸೇರುವುದಿಲ್ಲ. ಮೊಳಕಾಲ್ಮುರು, ಹೊಳಲ್ಕೆರೆಯ ಸುದ್ದಿ ಚಿತ್ರದುರ್ಗಕ್ಕೆ ಹೋಗಲಿ. ಹತ್ತು ಜನರಿಗೆ ಒಂದೇ ಇಮೇಲ್ ಕಳುಹಿಸುವುದಕ್ಕಿಂತ ಆ ತಾಲ್ಲೂಕಿನ ನೀರು, ಶಾಲೆಗಳ ಬಗ್ಗೆ ಈಗಾಗಲೇ ಬರೆಯುತ್ತಿರುವ ಒಬ್ಬ ವರದಿಗಾರರನ್ನು ಹುಡುಕಿ, ಅವರು ಬರೆದದ್ದನ್ನು ಓದಿ, ನಂತರ ಬರೆಯಿರಿ.

ಕಳುಹಿಸಿದ ಮೇಲೆ ಅಂಕಿಯಲ್ಲಿ ತಪ್ಪು ಕಂಡರೆ ಆ ಕ್ಷಣವೇ ಕರೆ ಮಾಡಿ. ಪುಟ ಅಚ್ಚಿಗೆ ಹೋಗಿದ್ದರೂ ಕರೆ ಮಾಡಿ, ಮರುದಿನ ತಿದ್ದುಪಡಿ ಹಾಕಲು ಸಾಧ್ಯವಾಗುತ್ತದೆ.